ಅಕ್ಕನ ಹಲ್ಲಿಗಾಗಿ ಕೊಂಡ ರಷ್ಯಾ ಕ್ಯಾಮೆರಾ

ಟಿ.ವಿ. ಪಕ್ಕದಲ್ಲಿ ಟವೆಲ್ಲು ಹೊದ್ದು ಕೂತಿರುವ ಕಪ್ಪು ಡಬ್ಬವನ್ನು ನೀವು ಮೊಮ್ಮಕ್ಕಳು ಬಂದಾಗಲೆಲ್ಲ ಎತ್ತಿ ಆಡಿಸುತ್ತೀರಿ. "ಅಜ್ಜಿ, ಇದಕ್ಕೆ ಸ್ಕ್ರೀನ್ ಎಲ್ಲಿದೆ?" ಅಂತ ಕೇಳುತ್ತೀರಿ. ಸ್ಕ್ರೀನ್ ಇಲ್ಲ. ಅದು ರಷ್ಯಾದವರ ಹಳೇ ರೀಲು ಕ್ಯಾಮೆರಾ. ನಾನು ಯಾರನ್ನೂ ಕೇಳದೆ, ಒಬ್ಬಳೇ ಹೋಗಿ ಕೊಂಡ ಮೊದಲ ವಸ್ತು. ನಿಮ್ಮ ತಾತ ಇರುವವರೆಗೆ ಸೀರೆ ಅಂಗಡಿಯಲ್ಲೂ ಅವರೇ ಮಾತಾಡುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು ಬೇಕಾದ ಬಣ್ಣವನ್ನು ಬೆರಳಲ್ಲಿ ತೋರಿಸುತ್ತಿದ್ದೆ. ಅಂಥವಳು ಕ್ಯಾಮೆರಾ ಯಾಕೆ ಕೊಂಡೆ ಅಂತ ಬಾಯಲ್ಲಿ ಹೇಳೋಣವೆಂದರೆ ನೀವು ನಾಲ್ಕು ಜನ ಒಟ್ಟಿಗೆ ನನ್ನ ಮುಖ ನೋಡುತ್ತೀರಿ, ನನಗೆ ಮಾತು ನಿಂತುಹೋಗುತ್ತದೆ. ಅದಕ್ಕೆ ಬರೆದಿಟ್ಟಿದ್ದೇನೆ.

ಇದಕ್ಕೆಲ್ಲ ಕಾರಣ ನಿಮ್ಮ ಅಮೃತೂರಿನ ದೊಡ್ಡಜ್ಜಿಯ ಹಲ್ಲು.

ದೊಡ್ಡಜ್ಜಿ ಅಂದರೆ ನನ್ನ ಅಕ್ಕ. ಅವಳಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಉಬ್ಬು. ತುಟಿ ಮುಚ್ಚಿದರೂ ಅವು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಬಾಗಿಲು ಸಂದಿಯಿಂದ ಇಣುಕುವವರ ಹಾಗೆ ಸ್ವಲ್ಪ ಹೊರಗೇ ಇರುತ್ತಿದ್ದವು. ಶಾಲೆಯಲ್ಲಿ ಹುಡುಗರು ಅವಳನ್ನು "ತುರಿಯೋ ಮಣೆ" ಎನ್ನುತ್ತಿದ್ದರು. ಅವಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಮ್ಮ ಸೋದರತ್ತೆ ಒಂದು ಉಪಾಯ ಕಲಿಸಿದಳು. ನಗು ಬಂದರೆ ಸೆರಗನ್ನು ಬಾಯಿಗೆ ಹಿಡಿ, ನಾಚಿಕೆ ಹುಡುಗಿ ಅಂದ್ಕೊಳ್ತಾರೆ ಅಂತ. ಅಕ್ಕನಿಗೆ ಜೀವಮಾನದಲ್ಲಿ ನಾಚಿಕೆ ಅನ್ನುವುದೇ ಇರಲಿಲ್ಲ. ನಮ್ಮಿಬ್ಬರ ಪಾಲಿನ ನಾಚಿಕೆಯನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದ. ಆದರೆ ಸೆರಗು ಮಾತ್ರ ಅವಳ ಬಾಯಿಗೆ ಅಭ್ಯಾಸವಾಗಿ ಹೋಯಿತು.

ನಮ್ಮ ಅವ್ವನಿಗೂ ಅದೇ ಹಲ್ಲು. ಅವ್ವ ಮುಚ್ಚಿಕೊಳ್ಳುತ್ತಿರಲಿಲ್ಲ. ಹುತ್ರಿದುರ್ಗದ ಬುಡದಲ್ಲಿದ್ದ ನಮ್ಮ ಮನೆಯ ಜಗಲಿಯಲ್ಲಿ ಅವಳು ನಕ್ಕರೆ ಆಚೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ನಾನು ಇನ್ನೂ ಮಗ್ಗಿ ಕಲಿಯುತ್ತಿದ್ದಾಗಲೇ ಅವಳು ಹೋಗಿಬಿಟ್ಟಳು. ಅವಳದು ಒಂದು ಫೋಟೋ ಇಲ್ಲ. ಆಗ ನಮ್ಮೂರಲ್ಲಿ ಯಾರದೂ ಇರಲಿಲ್ಲ. ಅವ್ವನ ಮೂಗು, ಹಣೆ, ಕಣ್ಣು ಯಾವುದೂ ನನಗೆ ಈಗ ನೆನಪಿಗೆ ಬರುವುದಿಲ್ಲ. ನಗು ಮಾತ್ರ ಗೊತ್ತು. ಯಾಕೆಂದರೆ ಅಕ್ಕ ನಕ್ಕಾಗ, ಸೆರಗು ಮೇಲೆ ಬರುವುದಕ್ಕೆ ಮುಂಚೆ, ರೆಪ್ಪೆ ಬಡಿಯುವಷ್ಟು ಹೊತ್ತು ಅವ್ವ ಬಂದು ಹೋಗುತ್ತಾಳೆ.

ಇದನ್ನು ನಾನು ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ. ಉಬ್ಬು ಹಲ್ಲಿನ ಮಾತೆತ್ತಿದರೆ ಅವಳು ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ.

ಒಂದು ದೀಪಾವಳಿ ಕಳೆದ ಮೇಲೆ ಅಕ್ಕನ ಫೋನು ಬಂತು. ತುಮಕೂರಿನ ಹಲ್ಲಿನ ಡಾಕ್ಟರಮ್ಮ ನೋಡಿದರಂತೆ, ಹಲ್ಲೆಲ್ಲ ಅಲ್ಲಾಡುತ್ತಿವೆಯಂತೆ, ಸಂಕ್ರಾಂತಿ ಆದ ಮೇಲೆ ಅಷ್ಟನ್ನೂ ಕಿತ್ತು ಹೊಸ ಸೆಟ್ಟು ಮಾಡಿಕೊಡುತ್ತಾರಂತೆ.

"ಅಕ್ಕಿ ಪೋಣ್ಸಿದಂಗೆ ಸಾಲಾಗಿರ್ತವಂತೆ ಕಣೇ!" ಅಂದಳು ಅಕ್ಕ. "ಇನ್ಮೇಲೆ ಟಿ.ವಿ.ಲಿ ನ್ಯೂಸ್ ಓದೋಳ ಹಂಗೆ ಕಾಣ್ತೀನಿ. ನೋಡ್ತಿರು."

ಒಳ್ಳೇದಾಯ್ತು ಅಂತ ನಾನೂ ಅಂದೆ. ಫೋನು ಇಟ್ಟೆ. ಸಂಕ್ರಾಂತಿ ಆದ ಮೇಲೆ ಅವ್ವ ಇನ್ನು ಬರುವುದಿಲ್ಲ.

ಅದರೊಳಗೆ ಆ ನಗುವನ್ನು ಒಂದು ಫೋಟೋದಲ್ಲಿ ಹಿಡಿಯಬೇಕು ಅಂತ ನನಗೆ ಹಟ ಬಂತು. ಅಮೃತೂರಿಗೆ ಹೋದೆ, ಮೊಬೈಲ್ ಎತ್ತಿದೆ, ಸೆರಗು ಬಂತು. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಮರೆಯಿಂದ ಎತ್ತಿದೆ, ಒದ್ದೆ ಲಂಗವೇ ಬಾಯಿಗೆ ಬಂತು. ಅಲ್ಲೇ ತೆಂಗಿನ ಸೋಗೆ ಹೆಣೆಯುತ್ತಿದ್ದ ಭಾವ ನಗಾಡಿದರು.

"ಇವಳ ಫೋಟೋ ಎಲ್ಲಾ ಮೂಗಿನ್ ಗಂಟ ಕಣಮ್ಮ. ಕೆಳಗಿನ ಅರ್ಧ ನಾನೇ ನೋಡಿ ನಾಕೈದು ವರ್ಸ ಆಗದೆ."

"ನಿಮಗ್ಯಾಕೆ ಕೆಳಗಿನರ್ಧ? ಮೇಲಿನರ್ಧ ಕಣ್ಬುಟ್ರೆ ಹೆದ್ರಿ ಹಟ್ಟಿ ಬುಟ್ಟು ಹೋಯ್ತೀರಿ," ಅಂದಳು ಅಕ್ಕ, ಸೆರಗಿನ ಒಳಗಿನಿಂದಲೇ.

ಆಮೇಲೆ ಕ್ಯಾಮೆರಾ ಸಿಕ್ಕಿತು. ಪೆನ್ಷನ್ ಅರ್ಜಿಗೆ ಸಣ್ಣ ಫೋಟೋ ಬೇಕಿತ್ತು, ಗುಬ್ಬಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಸ್ಟುಡಿಯೋಗೆ ಹೋದೆ. ಅಲ್ಲಿಯವರು "ತಲೆ ಎತ್ತಿ ಅಮ್ಮ, ಇನ್ನೂ ಎತ್ತಿ, ನನ್ನ ನೋಡಿ, ನಾನೇನು ಹುಲಿಯಾ?" ಅಂತ ಬೇಡಿಕೊಂಡು ಬೇಡಿಕೊಂಡು ಬೆವೆತುಹೋದರು. ಫೋಟೋ ಪ್ರಿಂಟ್ ಆಗುವವರೆಗೆ ನಾನು ಗಾಜಿನ ಬೀರು ನೋಡುತ್ತಾ ನಿಂತೆ. ಫ್ರೇಮುಗಳ ನಡುವೆ ಒಂದು ಕಪ್ಪು ಡಬ್ಬ ಇತ್ತು. ಅದಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಮಕ್ಕಳು ಚಿತ್ರ ಬರೆಯುವಾಗ ಕಣ್ಣನ್ನು ತಪ್ಪಾಗಿ ಇಟ್ಟ ಹಾಗೆ.

"ಅದು ನಮ್ಮಪ್ಪಂದು ಅಮ್ಮ. ರಷ್ಯಾದ್ದು. ಈಗ ಯಾರೂ ಕೇಳಲ್ಲ," ಅಂದು ಅದನ್ನು ಹೊರಗೆ ತೆಗೆದು, ನೆತ್ತಿಯ ಮುಚ್ಚಳ ಎಬ್ಬಿಸಿ ನನ್ನ ಕೈಗೆ ಕೊಟ್ಟರು. "ಹೊಟ್ಟೆ ಹತ್ರ ಹಿಡ್ಕೊಳ್ಳಿ. ಮೇಲಿಂದ ಬಗ್ಗಿ ನೋಡಿ."

ಬಗ್ಗಿ ನೋಡಿದೆ. ಡಬ್ಬದೊಳಗೆ ಇಡೀ ಬೀದಿ ಇತ್ತು. ಎಳನೀರು ಗಾಡಿ, ಕೇಬಲ್ ತಂತಿ, ಸ್ಕೂಟರ್ ಒರೆಸುವವನು, ಎಲ್ಲ ಬಾವಿಯ ನೀರಿನಲ್ಲಿ ಬಿದ್ದ ನೆರಳಿನ ಹಾಗೆ ತಂಪಾಗಿ, ಹೊಳೆಯುತ್ತಾ. ಎಳನೀರಿನವನು ನನ್ನ ಕಡೆಗೇ ನೋಡುತ್ತಿದ್ದ, ಆದರೆ ಅವನ ಪಾಲಿಗೆ ನಾನು ತಲೆ ತಗ್ಗಿಸಿ ಚೀಲದಲ್ಲಿ ಚಿಲ್ಲರೆ ಹುಡುಕುತ್ತಿರುವ ಒಬ್ಬ ಮುದುಕಿ. ಯಾರ ಮುಖಕ್ಕೂ ಕಣ್ಣು ಕೊಡದೆ ಎಲ್ಲರನ್ನೂ ನೋಡಬಹುದಾದ ಯಂತ್ರ! ಇದನ್ನು ಕಂಡುಹಿಡಿದ ರಷ್ಯಾದವನ ಹೆಂಡತಿ ನನ್ನ ಹಾಗೆಯೇ ಇದ್ದಿರಬೇಕು ಅನ್ನಿಸಿತು.

ಅವರು ವಿವರಿಸಿದರು. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನದು ರೀಲು ನೋಡುವುದಕ್ಕೆ. ಎರಡೂ ಒಂದನ್ನೇ ನೋಡುತ್ತವೆ, ಬೇರೆ ಬೇರೆ ಕೋಣೆಯಲ್ಲಿ ಕೂತು. ರೀಲು ಅಗಲದ್ದು, ಒಂದು ರೀಲಿಗೆ ಹನ್ನೆರಡು ಫೋಟೋ, ಕಪ್ಪು ಬಿಳುಪು.

ನನಗೆ ಅದು ಬೇಕೇ ಬೇಕಾಯಿತು. ಬೇಕು ಅಂತ ಹೇಳಲು ಬಾಯಿ ಬರಲಿಲ್ಲ. ಡಬ್ಬವನ್ನು ಹೊಟ್ಟೆಗೆ ಅವುಚಿಕೊಂಡು ನಿಂತೆ. ಅವರಿಗೆ ಅರ್ಥವಾಗಿ ಒಂದು ಬೆಲೆ ಹೇಳಿದರು. ನಾನು ನೆಲ ನೋಡಿದೆ. ಅವರು ಸ್ವಲ್ಪ ಇಳಿಸಿದರು. ನನಗೆ ಗಾಬರಿಯಾಗಿ ಇನ್ನೂ ಬಗ್ಗಿದೆ. "ಏನಮ್ಮ, ಮಾತೇ ಆಡದಂಗೆ ಹಿಂಗೆ ಹಿಡ್ಕೊಂಡು ನಿಂತ್ರೆ ಹೆಂಗೆ," ಅಂತ ಮತ್ತೂ ಇಳಿಸಿದರು. ಇನ್ನೂ ನಿಂತಿದ್ದರೆ ಅವರೇ ನನಗೆ ದುಡ್ಡು ಕೊಟ್ಟು ಕಳಿಸುತ್ತಿದ್ದರೋ ಏನೋ, ಅಷ್ಟರಲ್ಲಿ ನಾನು "ಹೂಂ" ಅಂದೆ. ನಮ್ಮ ಮನೆತನದಲ್ಲಿ ಚೌಕಾಸಿಯಲ್ಲಿ ಗೆದ್ದವಳು ನಾನೊಬ್ಬಳೇ.

ಆದರೆ ಅವತ್ತು ಕೊಡಲಿಲ್ಲ. "ಶುಕ್ರವಾರ ಅಮ್ಮ. ಅಪ್ಪಂಗೆ ಅನ್ನ ಕೊಟ್ಟ ಸಾಮಾನು, ಇವತ್ತು ಹೊಸಲು ದಾಟಿಸಲ್ಲ," ಅಂದರು. ಅದು ನ್ಯಾಯವೇ. ಶನಿವಾರ ಬೆಳಿಗ್ಗೆ ಹೋಗಿ ತಂದೆ. ರೀಲನ್ನು ಅವರೇ ಮೊಬೈಲಿನಲ್ಲಿ ತರಿಸಿ, ತುಂಬಿಸಿ ಕೊಡುತ್ತೇನೆಂದರು.

ರೀಲು ಬರುವವರೆಗೆ ಬರಿಯ ಡಬ್ಬದಲ್ಲೇ ಅಭ್ಯಾಸ ಮಾಡಿದೆ. ಬಗ್ಗಿ ನೋಡುವ ಗಾಜಿನಲ್ಲಿ ಎಡಬಲ ಅದಲುಬದಲು. ಪಕ್ಕದ ಮನೆಯ ಹುಂಜ ಎಡಕ್ಕೆ ಹೋದರೆ ಗಾಜಿನಲ್ಲಿ ಬಲಕ್ಕೆ ಹೋಗುತ್ತದೆ. ಅದನ್ನು ಹಿಂಬಾಲಿಸಿ ನಾನು ತಿರುಗಿದರೆ ಹುಂಜವೇ ಮಾಯ. ಎರಡು ಸಲ ಕಲ್ಲುಕಟ್ಟೆಗೆ ಮಂಡಿ ತಗುಲಿತು. ಹುಂಜದ ಒಡತಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಬೇಕಾಗಿತ್ತು? ಕೋಳಿ ಮಾರಲ್ಲ ನಾವು," ಅಂದಳು.

ಸಂಕ್ರಾಂತಿಗೆ ಸ್ವಲ್ಪ ದಿನ ಇರುವಾಗ ರೀಲು ತುಂಬಿದ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ತುಮಕೂರಿನಲ್ಲಿ ಇಳಿದು ಕುಣಿಗಲ್ ಬಸ್ಸು, ಕುಣಿಗಲ್ಲಿನಲ್ಲಿ ಇಳಿದು ಅಮೃತೂರಿನ ಪ್ರೈವೇಟ್ ಬಸ್ಸು. ಆ ಬಸ್ಸಿನ ಕಂಡಕ್ಟರ್ ಗಂಟನ್ನೇ ನೋಡಿ, "ಅಜ್ಜಿ, ಅದ್ರಲ್ಲೇನು ಬಿಸಿ ಬೇಳೆಬಾತಾ? ಹಂಗ್ ಅಪ್ಕೊಂಡಿದೀಯಲ್ಲ!" ಅಂದ. ನಾನು ಹೂಂ ಅಂದುಬಿಟ್ಟೆ. ಇಳಿಯುವವರೆಗೂ ಅವನು "ಬಾತ್ ಇರೋ ಅಜ್ಜಿಗೆ ಜಾಗ ಬುಡ್ರಪ್ಪ" ಅಂತ ಕೂಗುತ್ತಲೇ ಇದ್ದ.

ಅಕ್ಕನ ಮನೆಯಲ್ಲಿ ಗಂಟು ಬಿಚ್ಚಿದೆ. ಅಕ್ಕ ಎರಡು ಕಣ್ಣಿನ ಡಬ್ಬವನ್ನು ದೂರದಿಂದಲೇ ಪರೀಕ್ಷೆ ಮಾಡಿದಳು.

"ಏನ್ಲೇ ಇದು?"

"ಕ್ಯಾಮೆರಾ ಕಣಕ್ಕ. ಹಳೇದು. ನಾನೇ ತಗೊಂಡೆ. ಇನ್ನೂ ಸರಿಯಾಗಿ ಬರಲ್ಲ, ಕಲೀತಿದೀನಿ."

"ನೀನು ತಗೊಂಡ್ಯಾ? ನೀನು?" ಅಂತ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಪೂಜೆ ಮಾಡ್ಸಿದ್ಯಾ?"

ಇಲ್ಲ ಅಂದೆ. ಅಕ್ಕನ ಮನೆಯಲ್ಲಿ ಪೂಜೆಯಿಲ್ಲದೆ ಹೊಸ ಪೊರಕೆಯೂ ಕಸ ಗುಡಿಸುವುದಿಲ್ಲ. ಮೋಟಾರಿಗೆ, ಮಿಕ್ಸಿಗೆ, ಭಾವನ ಹೊಸ ಕನ್ನಡಕದ ಡಬ್ಬಿಗೆ, ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದು ಹೂವು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಡಬ್ಬ ದೇವರ ಗೂಡಿನ ಮುಂದೆ ಕೂತಿತ್ತು. ಮೂರು ಎಳೆ ವಿಭೂತಿ, ನೆತ್ತಿಯ ಮೇಲೆ ಸೇವಂತಿಗೆ, ಎರಡು ಕಣ್ಣಿನ ಮೇಲೂ ಒದ್ದೆ ಕುಂಕುಮ.

"ಅಕ್ಕ, ಕಣ್ಣಿಗೆ ಯಾಕೆ ಹಚ್ಚಿದೆ! ಮೇಲಿನ ಕಣ್ಣಲ್ಲಿ ತಾನೆ ನಾನು ನೋಡೋದು?"

ಬೈದ ಹಾಗಾಯಿತೇನೋ ಅಂತ ನನಗೆ ಅಲ್ಲಿಗೇ ಮಾತು ನಿಂತಿತು. ಎರಡು ಕಣ್ಣನ್ನೂ ಟವೆಲ್ಲಿನ ತುದಿಯಿಂದ ಚೊಕ್ಕ ಒರೆಸಿದೆ. ಕಾಫಿ ಕುಡಿಯಲು ಒಳಗೆ ಹೋದೆ. ಅಷ್ಟೇ ನಾನು ಮಾಡಿದ್ದು.

ಅಕ್ಕ ಮಾಡಿದ್ದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು. ಪೂಜೆಯಾದ ವಸ್ತುವಿನ ಹಣೆ ಬೋಳಾಗಿರುವುದು ಅವಳಿಗೆ ಸಹಿಸಲಾಗಲಿಲ್ಲ. ಮೇಲಿನ ಕಣ್ಣಿನಲ್ಲಿ ತಂಗಿ ನೋಡಬೇಕು, ಸರಿ, ಅದು ಬೇಡ. ಕೆಳಗಿನದು ಖಾಲಿಯೇ ಇದೆಯಲ್ಲ! ಅದರ ಮೇಲೆ ಎಣ್ಣೆ ಬೆರೆಸಿದ ಕುಂಕುಮವನ್ನು ಹೆಬ್ಬೆರಳಲ್ಲಿ ಒತ್ತಿ, ಕೈ ಮುಗಿದು, ಡಬ್ಬವನ್ನು ತಂದು ನನ್ನ ಪಕ್ಕದಲ್ಲಿಟ್ಟಳು. ಅಷ್ಟು ಪ್ರೀತಿಯಿಂದ.

ಆ ಕ್ಯಾಮೆರಾವನ್ನು ಹೊಟ್ಟೆಗೆ ಹಿಡಿದು ಮೇಲಿಂದ ನೋಡುವವಳಿಗೆ ಅದರ ಮುಂಭಾಗ ಕಾಣುವುದೇ ಇಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯಲು ಕೂತೆವು. ಚಳಿಗಾಲದ ಒಳ್ಳೇ ಬಿಸಿಲು. ಅಕ್ಕನ ಮುಂದೆ ಮೊರ, ಭಾವನ ಮುಂದೆ ಕಾಯಿಯ ರಾಶಿ, ನನ್ನ ಮಡಿಲಲ್ಲಿ ಡಬ್ಬ. ಗಾಜಿನಲ್ಲಿ ಅಕ್ಕ ಸ್ಪಷ್ಟವಾಗಿ ಕೂತಿದ್ದಳು. ಫೋಟೋ ತೆಗೆಯುವವರು ಮುಖಕ್ಕೆ ಹಿಡಿಯುತ್ತಾರೆ ಅಂತಲೇ ಅವಳ ಲೆಕ್ಕ, ಹಾಗಾಗಿ ಅವಳಿಗೆ ನನ್ನ ಕಡೆ ಗಮನವೇ ಇಲ್ಲ.

"ಹೊಸ ಹಲ್ಲು ಬಂದ್ಮೇಲೆ ಸ್ವಲ್ಪ ನೋಡ್ಕೊಂಡು ಮಾತಾಡು. ಕಚ್ಗಿಚ್ಬುಟ್ಟೀಯ," ಅಂದರು ಭಾವ.

"ನಿಮ್ಮನ್ ಕಚ್ಚಿದ್ರೆ ಹಲ್ಲು ಮುರೀತದೆ. ಅಟ್ಟದ ಮೇಲಿನ ಕೊಬ್ರಿ ಆಗಿದೀರಿ."

"ಕೊಬ್ರಿಗೆ ರೇಟ್ ಅದೆ ಕಣೇ. ನಿನ್ನ ಹಳೇ ಹಲ್ಲಿಗೆ ಏನದೆ? ಡಾಕ್ಟರಮ್ಮಂಗೆ ಕೇಳಿ ಆ ಎರಡ ಇಸ್ಕೊಂಡ್ ಬಾ. ತುರಿಯೋ ಮಣೆ ಹಲ್ಲು ಹೋಗದೆ, ಹಾಕುಸ್ಕೊಳ್ಳೋಣ."

ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ ಅಂದುಕೊಂಡೆ. ಎಸೆಯಲಿಲ್ಲ. ಹಲ್ಲು ಹೋಗುವ ಖುಷಿಯಲ್ಲಿದ್ದಳಲ್ಲ, ನಕ್ಕಳು. ಎರಡು ಕೈಯಲ್ಲೂ ಅವರೆ ಸೊನೆ, ಸೆರಗು ಮುಟ್ಟುವ ಹಾಗಿಲ್ಲ. ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು, ಮೊರ ಅಲ್ಲಾಡುವ ಹಾಗೆ ನಕ್ಕಳು. ಗಾಜಿನಲ್ಲಿ ನಮ್ಮ ಅವ್ವ ಕೂತು ನಗುತ್ತಿದ್ದಳು. ರೆಪ್ಪೆ ಬಡಿಯುವಷ್ಟಲ್ಲ, ಬೇಕಾದಷ್ಟು ಹೊತ್ತು. ನಾನು ಟಿಕ್ ಎನ್ನಿಸಿದೆ. ರೀಲು ತಿರುಗಿಸಿ ಮತ್ತೆ ಟಿಕ್. ಭಾವ ಇನ್ನೇನೋ ಅಂದರು, ಅವಳು ಇನ್ನೂ ನಕ್ಕಳು. ರೀಲು ಮುಗಿಯುವವರೆಗೂ ತೆಗೆದೆ. ಗಾಜಿನ ಮೇಲೆ ನನ್ನ ಕಣ್ಣೀರು ಬಿತ್ತು, ಒರೆಸಿದೆ. ಗುಂಡಿ ಒತ್ತಿದ ಬೆರಳು ಕೆಂಪಾಗಿತ್ತು. ಅಕ್ಕನ ಮನೆಯಲ್ಲಿ ಯಾವುದು ಮುಟ್ಟಿದರೂ ಕುಂಕುಮ ಅಂದುಕೊಂಡು ಅದನ್ನೂ ಒರೆಸಿಕೊಂಡೆ. ಬುದ್ಧಿ ಅಂದರೆ ಬುದ್ಧಿ.

ಸ್ಟುಡಿಯೋದವರು ಕಲಿಸಿದ್ದ ಹಾಗೆ ಮಡಿಲಲ್ಲೇ ಡಬ್ಬದ ಬೆನ್ನು ತೆರೆದು, ಮುಗಿದ ರೀಲನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಸಂಜೆಯ ಬಸ್ಸಿಗೆ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿಕೊಟ್ಟವಳೂ ಅಕ್ಕನೇ.

ಸಂಕ್ರಾಂತಿ ಆಯಿತು. ಅಕ್ಕನ ಹಲ್ಲು ಹೋದವು. ನಾನು ಕೊಟ್ಟ ರೀಲನ್ನು ಸ್ಟುಡಿಯೋದವರು ತೊಳೆಯಲು ಬೆಂಗಳೂರಿಗೆ ಕಳಿಸಿದ್ದರು. ಬಂದಿದೆ ಅಂತ ಫೋನು ಮಾಡಿದಾಗ ಅವರ ದನಿ ಸರಿಯಿರಲಿಲ್ಲ. ಹೋದೆ. ಮೇಜಿನ ಮೇಲೆ ಹನ್ನೆರಡು ಫೋಟೋ ಹರಡಿದ್ದರು. ಹನ್ನೆರಡರಲ್ಲೂ ಮುದ್ದೆ ಬೇಯುವ ಪಾತ್ರೆಯ ಹಬೆ. ಒಂದರಲ್ಲಿ ಮೊರದಂಥದ್ದು ಏನೋ ಇತ್ತು. ಇನ್ನೊಂದರಲ್ಲಿ ಭಾವ ಇರಬಹುದು, ಕಂಬವೂ ಇರಬಹುದು.

"ಕ್ಯಾಮೆರಾ ತಂದಿದೀರಾ?" ಅಂದರು. ಅವತ್ತಿನಿಂದ ಟವೆಲ್ಲು ಬಿಚ್ಚದೆ ಇಟ್ಟಿದ್ದ ಗಂಟನ್ನು ಕೊಟ್ಟೆ. ಬಿಚ್ಚಿ ನೋಡಿ, ಅದರ ಮುಖವನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ, "ಅಮ್ಮ, ನಮ್ಮಪ್ಪ ಇದರಲ್ಲಿ ಸಾವಿರಾರು ಮದುವೆ ತೆಗೆದ್ರು. ಕ್ಯಾಮೆರಾಗೇ ಬೊಟ್ಟಿಟ್ಟು ಧಾರೆಗೆ ಕೂರ್ಸಿದ್ದು ನೀವೇ ಮೊದಲು," ಅಂದರು.

ಕೆಳಗಿನ ಕಣ್ಣಿನ ತುಂಬ ಕುಂಕುಮ ಒಣಗಿ, ಬಿರುಕು ಬಿಟ್ಟು ಕೂತಿತ್ತು. ಮೇಲಿನ ಕೋಣೆಯಲ್ಲಿ ಕೂತು ನಾನು ಅವ್ವನನ್ನು ಕಣ್ತುಂಬ ನೋಡುತ್ತಿದ್ದಾಗ ಕೆಳಗಿನ ಕೋಣೆಯಲ್ಲಿ ಬಾಗಿಲೇ ತೆರೆದಿರಲಿಲ್ಲ. ನಾನು ಅವರ ಮುಂದೆ ಅಳಲಿಲ್ಲ. ಮನೆಗೆ ಬಂದು ಅತ್ತೆ. ಆಮೇಲೆ ಆ ಡಬ್ಬದ ಬೊಟ್ಟಿನ ಮುಖ ನೆನಪಾಗಿ ಒಬ್ಬಳೇ ನಗಲೂ ನಕ್ಕೆ.

ಒಸಡು ಮಾಗಿದ ಮೇಲೆ ಅಕ್ಕ ಹೊಸ ಹಲ್ಲಿಗೆ ಅಳತೆ ಕೊಟ್ಟಳು. ಒಂದು ದಿನ ಹಲ್ಲನ್ನು ಮೇಣದ ಮೇಲೆ ಜೋಡಿಸಿ ಬಾಯಿಗಿಟ್ಟು ನೋಡುತ್ತಾರೆ, ನೀನೂ ಬಾ ಅಂತ ಅಕ್ಕ, ಭಾವ ನನ್ನನ್ನು ತುಮಕೂರಿಗೆ ಕರೆಸಿಕೊಂಡರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತುಂಬ ಶಿಸ್ತು. "ಅಮ್ಮನ ಹಳೇ ಫೋಟೋ ಇದ್ರೆ ಕೊಡಿ, ಮುಖಕ್ಕೆ ಹೊಂದೋ ಹಾಗೆ ಮಾಡ್ತೀನಿ," ಅಂದರು. ಭಾವ ಮೊಬೈಲಿನಲ್ಲಿ ಒಂದೊಂದೇ ತೋರಿಸಿದರು. ಸೆರಗು, ಸೆರಗು, ಟವೆಲ್ಲು, ಮಗುವಿನ ಕುಲಾವಿ, ಸೆರಗು.

"ಇವರಿಗೆ ಬಾಯಿ ಇತ್ತಾ?" ಅಂದರು ಡಾಕ್ಟರಮ್ಮ.

"ಇತ್ತಾ ಅಂತೀರಾ? ಊರ್ಗೆಲ್ಲ ಗೊತ್ತು," ಅಂದರು ಭಾವ.

ನನ್ನ ಚೀಲದಲ್ಲಿ ಆ ಹನ್ನೆರಡು ಫೋಟೋ ಇದ್ದವು. ಅಕ್ಕನಿಗೆ ತೋರಿಸಲೋ ಬೇಡವೋ ಅಂತ ತಂದಿದ್ದೆ. ತೆಗೆದುಕೊಟ್ಟೆ. ಡಾಕ್ಟರಮ್ಮ ಒಂದನ್ನು ಬೆಳಕಿಗೆ ಹಿಡಿದು, "ಇದು ಎಕ್ಸ್‌ರೇನಾ?" ಅಂದರು. ಅಕ್ಕ ಕಿತ್ತುಕೊಂಡು ನೋಡಿದಳು. ಮೊರ ಗುರುತು ಸಿಕ್ಕಿತು.

"ಏನ್ಲೇ ಇದು? ಅವತ್ತು ಅವರೆಕಾಯಿ ಸುಲಿವಾಗ ತಗುದ್ಯಾ? ಯಾಕೇ?" ಹಲ್ಲಿಲ್ಲದ ಬಾಯಲ್ಲಿ ಅದು ಬೇರೆ ಥರ ಕೇಳಿಸಿತು, ಆದರೆ ಸಿಟ್ಟು ಮಾತ್ರ ಹಳೆಯದೇ.

ಅಷ್ಟು ಜನರ ಎದುರಿಗೆ ನಾನು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. "ನೀನು ನಕ್ರೆ ಅವ್ವ ಕಾಣ್ತಾಳೆ ಕಣಕ್ಕ. ಆ ಹಲ್ಲು ಹೋದ್ರೆ ಅವ್ವನೂ ಹೋಯ್ತಾಳೆ ಅಂತ ಹಿಡಿಯೋಕೆ ಬಂದಿದ್ದೆ. ನೀನು ಕುಂಕುಮ ಇಟ್ಬಿಟ್ಟೆ."

ಅಕ್ಕ ಕುರ್ಚಿಯಲ್ಲಿ ಒರಗಿದವಳು ಎದ್ದು ಕೂತಳು. "ಅವ್ವನ ಹಲ್ಲು ಅಂತ ಎಲ್ರೂ ನನ್ನ ಹಂಗಿಸೋರು," ಅಂದಳು ನಿಧಾನವಾಗಿ. "ಅವ್ವ ಕಾಣ್ತಾಳೆ ಅಂತ ಯಾರೂ ಅನ್ನಲಿಲ್ವಲ್ಲೇ."

ಭಾವ ಗೋಡೆಯ ಮೇಲಿನ ದವಡೆಯ ಚಿತ್ರ ಓದತೊಡಗಿದರು.

ಆಮೇಲೆ ಅಕ್ಕ ಡಾಕ್ಟರಮ್ಮನ ಕಡೆ ತಿರುಗಿದಳು. "ಡಾಕ್ಟ್ರಮ್ಮ, ಮುಂದಿನ ಎರಡ ವಸಿ ಉಬ್ಬಿಸಿ ಮಾಡ್ಕೊಡಿ."

"ಉಬ್ಬಿಸಿ? ಅಮ್ಮ, ಉಬ್ಬಿರೋದನ್ನ ಒಳಗೆ ಹಾಕಿ ಅಂತ ಜನ ಇಲ್ಲಿಗೆ ಬರೋದು!"

"ಅವರು ಬರ್ಲಿ. ನಂಗೆ ಈಚೆ ಹಾಕಿ."

ಡಾಕ್ಟರಮ್ಮ ಭಾವನನ್ನು ನೋಡಿದರು. ಭಾವ, "ನನ್ನ ನೋಡ್ಬೇಡಿ ಮೇಡಂ. ನಂಗೆ ಅಕ್ಕಿ ಪೋಣ್ಸಿರೋಳ ಜೊತೆ ಬಾಳಿ ಅಭ್ಯಾಸ ಇಲ್ಲ," ಅಂದರು.

ಮೇಣ ಬಿಸಿ ಮಾಡಿ ಡಾಕ್ಟರಮ್ಮ ಎರಡು ಹಲ್ಲನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದು ಅಕ್ಕನ ಬಾಯಿಗಿಟ್ಟರು. "ಸಾಕಾ?"

ನೋಡಲು ಚಿತ್ರವಿಲ್ಲ. ನಾನೇ ಹೇಳಬೇಕಿತ್ತು. "ಇನ್ನೊಂದು ಚೂರು," ಅಂದೆ. ಮತ್ತೆ ತೆಗೆದು, ಬಿಸಿ ಮಾಡಿ, ಇಟ್ಟರು. "ಎಡಗಡೇದು ಇನ್ನೂ ಸ್ವಲ್ಪ. ಅದು ಬಲಗಡೇದರ ಮೇಲೆ ಏರಿತ್ತು," ಅಂದೆ. ಡಾಕ್ಟರಮ್ಮ ತಮ್ಮ ಓದಿಗೆ ಮನಸ್ಸಿನಲ್ಲೇ ಕೈ ಮುಗಿದುಕೊಂಡಿರಬೇಕು. ಮತ್ತೆ ಇಟ್ಟರು. ನಾನು ನೋಡುತ್ತಿದ್ದ ಹಾಗೆಯೇ ಅಕ್ಕನಿಗೆ ನಗು ಬಂತು.

"ನಗಬೇಡಿ! ಮೇಣ ಬಿದ್ದುಹೋಗುತ್ತೆ!" ಅಂತ ಡಾಕ್ಟರಮ್ಮ ಕೂಗಿದರು. ಬಿದ್ದೇ ಹೋಯಿತು. ಭಾವನ ಪಂಚೆಯ ಮೇಲೆ.

ಇನ್ನೊಂದು ಎಳ್ಳಿನಷ್ಟು ಮುಂದಕ್ಕೆ ಬೇಕಿತ್ತು. ಡಾಕ್ಟರಮ್ಮ ಒಪ್ಪಲಿಲ್ಲ. ಅದಕ್ಕಿಂತ ಮುಂದೆ ತಂದರೆ ಸೆಟ್ಟು ಬಾಯಲ್ಲಿ ನಿಲ್ಲುವುದಿಲ್ಲ, ಸಾರು ಕುಡಿಯುವಾಗ ಲೋಟಕ್ಕೆ ಬೀಳುತ್ತದೆ ಅಂದರು. ಅಕ್ಕ ಜಗಳಕ್ಕೆ ಹೊರಟಳು, ನಾನೇ ಸಾಕು ಅಂದೆ.

ನೀವು ಅಮೃತೂರಿಗೆ ಹೋದಾಗ ಈಗ ನೋಡುವುದು ಅದೇ ಹಲ್ಲು. ಡಾಕ್ಟರರು ತಪ್ಪು ಮಾಡಿದ್ದಾರೆ ಅಂತ ನಿಮ್ಮಲ್ಲಿ ಒಬ್ಬಳು ಹೇಳಿದ್ದಕ್ಕೆ ಉತ್ತರ ಇಷ್ಟುದ್ದ ಆಯಿತು. ದೊಡ್ಡಜ್ಜಿ ಈಗಲೂ ನಗುವಾಗ ಕೈ ಬಾಯಿಗೆ ಒಯ್ಯುತ್ತಾಳೆ, ಅದು ಸೆಟ್ಟು ಹಾರಿಹೋಗದಿರಲಿ ಅಂತ. ಅವಳು ಕೈ ಎತ್ತುವುದಕ್ಕೆ ಮುಂಚೆ ಸರಿಯಾಗಿ ನೋಡಿ. ಆ ಎರಡು ಹಲ್ಲನ್ನು ಮನಸ್ಸಿನಲ್ಲೇ ಒಂದು ಎಳ್ಳಿನಷ್ಟು ಮುಂದಕ್ಕೆ ಎಳೆದುಕೊಳ್ಳಿ. ಅವಳೇ ನಮ್ಮವ್ವ.